ಗುಹೆಯ ಬಾವಲಿಯಿಂದ ಜಕ್ಕೂರಿನವರೆಗೆ

ಹೆಬ್ಬಾಳ ದಾಟಿ ಯಲಹಂಕದತ್ತ ಹೊರಟರೆ ಜಕ್ಕೂರು ಸಿಗುತ್ತದೆ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೀವಿಗಳ ಒಳಗಡಿಯಾರದ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಎಂ.ಕೆ. ಚಂದ್ರಶೇಖರನ್. 1990ರ ದಶಕದಲ್ಲಿ ಇಲ್ಲಿಗೆ ಬರುವ ಮುನ್ನ ಅವರು ಮದುರೆ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದರು. ಗುಹೆಯ ಬಾವಲಿಗಳ ದಿನಚರಿಯನ್ನು ವರ್ಷಗಟ್ಟಲೆ ಗಮನಿಸಿದವರು.

1984ರಲ್ಲಿ ಅವರೂ ಜೋಶಿಯವರೂ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಮಿಂಚುವ ಪ್ರಖರ ಬೆಳಕೂ ಬಾವಲಿಯ ಗಡಿಯಾರವನ್ನು ಹಿಂದೆ ಮುಂದೆ ಸರಿಸಬಲ್ಲದು! ಹಾಗಾದರೆ ಈ ಬೆಳಕನ್ನು ಗ್ರಹಿಸುವುದು ಕಣ್ಣಿನ ಯಾವ ಭಾಗ?

ನೋಟಕ್ಕೆ ನೆರವಾಗುವ ರಾಡ್ ಮತ್ತು ಕೋನ್ ಕೋಶಗಳೇ ಎಂಬುದು ಅಂದಿನ ಸಾಮಾನ್ಯ ನಂಬಿಕೆ. 1991ರಲ್ಲಿ ರಸೆಲ್ ಫಾಸ್ಟರ್ ಮತ್ತು ಸಂಗಡಿಗರು ಇದನ್ನು ಅಲುಗಾಡಿಸಿದರು. ಅಕ್ಷಿಪಟಲ ಕ್ಷೀಣಿಸಿ ದೃಷ್ಟಿ ಕಳೆದುಕೊಂಡ ಇಲಿಗಳ ಗಡಿಯಾರವೂ ಬೆಳಕಿಗೆ ಸರಿಯಾಗಿಯೇ ಹೊಂದಿಕೊಳ್ಳುತ್ತಿತ್ತು. ಹಲವರು ಇದನ್ನು ಒಪ್ಪಲಿಲ್ಲ. ಉತ್ತರದ ಎಳೆ ಸಿಕ್ಕಿದ್ದು ಕಪ್ಪೆಯ ಚರ್ಮದಲ್ಲಿ. 1998ರಲ್ಲಿ ಇಗ್ನಾಸಿಯೊ ಪ್ರೊವೆನ್ಸಿಯೊ ಅಲ್ಲಿ ಮೆಲನಾಪ್ಸಿನ್ ಎಂಬ ಬೆಳಕುಗ್ರಾಹಿ ಪ್ರೋಟೀನನ್ನು ಗುರುತಿಸಿದರು. 2000ದಲ್ಲಿ ಅದೇ ಪ್ರೋಟೀನು ಇಲಿ ಮತ್ತು ಮನುಷ್ಯರ ಅಕ್ಷಿಪಟಲದ ಒಳಪದರದಲ್ಲಿ ಕಂಡಿತು. ಅದನ್ನು ಹೊತ್ತ ನರಕೋಶಗಳು ತಾವಾಗಿಯೇ ಬೆಳಕಿಗೆ ಸ್ಪಂದಿಸುತ್ತವೆ ಎಂಬುದನ್ನು 2002ರಲ್ಲಿ ಡೇವಿಡ್ ಬರ್ಸನ್ ತೋರಿಸಿದರು. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅವು ಹೆಚ್ಚು ಸೂಕ್ಷ್ಮ. ರಾಡ್, ಕೋನ್‌ಗಳ ಸಂದೇಶವನ್ನೂ ಸೇರಿಸಿ ಮಿದುಳಿನ ಬುಡದಲ್ಲಿರುವ ಮುಖ್ಯ ಗಡಿಯಾರಕ್ಕೆ ಹಗಲು ರಾತ್ರಿಯ ಸುದ್ದಿ ಮುಟ್ಟಿಸುವುದು ಇವೇ.

ಇದು ಪ್ರಯೋಗಾಲಯದ ಕುತೂಹಲವಷ್ಟೇ ಅಲ್ಲ. 1995ರಲ್ಲಿ ಚಾರ್ಲ್ಸ್ ಝೈಸ್ಲರ್ ತಂಡ ಪರೀಕ್ಷಿಸಿದ ಅಂಧರಿಗೆ ಬೆಳಕಿನ ಅರಿವೇ ಇರಲಿಲ್ಲ. ಆದರೂ ಪ್ರಖರ ಬೆಳಕಿಗೆ ಅವರಲ್ಲಿ ಕೆಲವರ ರಕ್ತದಲ್ಲಿ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಕುಗ್ಗಿತು. ಕಣ್ಣು ಕಾಣದಿದ್ದರೂ ಅದು ಹೊತ್ತನ್ನು ಅರಿಯುತ್ತಿರಬಹುದು. ಅಂಥ ಕಣ್ಣನ್ನು ನಿರುಪಯುಕ್ತವೆಂದು ತೆಗೆದುಹಾಕಿದರೆ ನಿದ್ರೆಯ ಲಯವೇ ತಪ್ಪೀತು.

ರಾತ್ರಿ ಪಾಳಿ ಮುಗಿಸಿ ಯಶವಂತಪುರದಲ್ಲಿ ಬಸ್ಸಿಗೆ ಕಾಯುವವರ ಕಣ್ಣಿಗೂ ಬೆಳಗಿನ ಬಿಸಿಲು ಬೀಳುತ್ತದೆ. ಮಲಗಬೇಕಾದ ಅವರಿಗೆ ಅದು ಏಳುವ ಹೊತ್ತೆಂದು ಸಾರುತ್ತದೆ. ಮನೆ ಸೇರಿ ಕಿಟಕಿಗೆ ದಪ್ಪ ಪರದೆ ಎಳೆದುಕೊಳ್ಳುವುದು ಸೋಮಾರಿತನವಲ್ಲ, ವಿಜ್ಞಾನ ಒಪ್ಪುವ ವಿವೇಕ.