ಶಿಕ್ಷೆ ಅಮಾನತು ಎಂದರೆ ಖುಲಾಸೆಯೇ? ಸಿಸ್ಟರ್ ಅಭಯಾ ಕೊಲೆ ಪ್ರಕರಣದ ಮೇಲ್ಮನವಿ ಹೇಳುವುದೇನು?

ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದವರು ಒಂದೆರಡು ವರ್ಷದಲ್ಲೇ ಜೈಲಿನಿಂದ ಹೊರಬಂದರೆ 'ಹಾಗಾದರೆ ಬಿಡುಗಡೆ ಆಯ್ತಾ?' ಎಂಬ ಪ್ರಶ್ನೆ ಏಳುವುದು ಸಹಜ. ಕೇರಳದ ಸಿಸ್ಟರ್ ಅಭಯಾ ಪ್ರಕರಣದಲ್ಲೂ ಹೀಗೇ ಆಯಿತು. 28 ವರ್ಷಗಳ ಬಳಿಕ ತಿರುವನಂತಪುರದ ಸಿಬಿಐ ವಿಶೇಷ ನ್ಯಾಯಾಲಯ ಇಬ್ಬರಿಗೆ ಶಿಕ್ಷೆ ವಿಧಿಸಿತು. ಒಂದೂವರೆ ವರ್ಷದ ನಂತರ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಆದರೆ ಕಾನೂನಿನ ಪ್ರಕಾರ ಇದು ಖುಲಾಸೆಯಲ್ಲ.

ಏನಿದು ಪ್ರಕರಣ?

1992ರ ಮಾರ್ಚ್ 27ರಂದು ಕೊಟ್ಟಾಯಂನ ಸೇಂಟ್ ಪಯಸ್ ಟೆನ್ತ್ ಕಾನ್ವೆಂಟ್‌ನ ಬಾವಿಯಲ್ಲಿ ಸನ್ಯಾಸಿನಿ ಅಭಯಾ ಅವರ ಶವ ಪತ್ತೆಯಾಯಿತು. ಅವರು ಬಿಸಿಎಂ ಕಾಲೇಜಿನ ಪ್ರಿ-ಡಿಗ್ರಿ ವಿದ್ಯಾರ್ಥಿನಿಯಾಗಿದ್ದರು. ನಸುಕಿನಲ್ಲಿ ಓದಲು ಎದ್ದು, ನೀರು ಕುಡಿಯಲು ಅಡುಗೆಮನೆಗೆ ಹೋಗಿದ್ದರು ಎಂಬುದು ಪ್ರಾಸಿಕ್ಯೂಷನ್ ವಾದ. ಅಡುಗೆಮನೆಯಲ್ಲಿ ಚಪ್ಪಲಿ, ನೀರಿನ ಬಾಟಲಿ ಅಸ್ತವ್ಯಸ್ತವಾಗಿ ಬಿದ್ದಿದ್ದವು.

ಮೊದಲು ಸ್ಥಳೀಯ ಪೊಲೀಸರು, ನಂತರ ರಾಜ್ಯದ ಕ್ರೈಂ ಬ್ರಾಂಚ್ ಇದನ್ನು ಆತ್ಮಹತ್ಯೆ ಎಂದವು. 1993ರಲ್ಲಿ ತನಿಖೆ ಸಿಬಿಐಗೆ ಹೋಯಿತು. ತನಿಖಾಧಿಕಾರಿಯಾಗಿದ್ದ ಡಿವೈಎಸ್ಪಿ ವರ್ಗೀಸ್ ಪಿ. ಥಾಮಸ್ ಇದು ಕೊಲೆ ಎಂಬ ತೀರ್ಮಾನಕ್ಕೆ ಬಂದರು. ಆತ್ಮಹತ್ಯೆ ಎಂದು ಬರೆಯುವಂತೆ ತಮ್ಮ ಮೇಲೆ ಒತ್ತಡವಿತ್ತು ಎಂದು ಆರೋಪಿಸಿ ಅವರು ಸೇವೆಯಿಂದ ಸ್ವಯಂ ನಿವೃತ್ತಿ ಪಡೆದರು. ಆ ಬಳಿಕ ಪ್ರಕರಣ ಮುಚ್ಚಲು ಅನುಮತಿ ಕೋರಿ ಸಿಬಿಐ ಒಂದಕ್ಕಿಂತ ಹೆಚ್ಚು ಬಾರಿ ವರದಿ ಸಲ್ಲಿಸಿತು. ನ್ಯಾಯಾಲಯ ಅದಕ್ಕೆ ಒಪ್ಪಲಿಲ್ಲ. ಸಾಮಾಜಿಕ ಕಾರ್ಯಕರ್ತ ಜೋಮೋನ್ ಪುತ್ತನ್‌ಪುರಯ್ಕಲ್ ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿದರು.

2008ರ ನವೆಂಬರ್‌ನಲ್ಲಿ ಇಬ್ಬರು ಪಾದ್ರಿಗಳು ಹಾಗೂ ಒಬ್ಬ ಸನ್ಯಾಸಿನಿಯನ್ನು ಸಿಬಿಐ ಬಂಧಿಸಿತು. 2009ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾದರೂ ವಿಚಾರಣೆ ಶುರುವಾಗಲು 2019ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅದಕ್ಕೂ ಮುನ್ನವೇ ಒಬ್ಬ ಪಾದ್ರಿಯನ್ನು ಪ್ರಕರಣದಿಂದ ಕೈಬಿಡಲಾಗಿತ್ತು. 2020ರ ಡಿಸೆಂಬರ್ 22ರಂದು ಫಾದರ್ ಥಾಮಸ್ ಕೊಟ್ಟೂರ್ ಮತ್ತು ಸಿಸ್ಟರ್ ಸೆಫಿ ದೋಷಿಗಳೆಂದು ನ್ಯಾಯಾಧೀಶ ಕೆ. ಸನಲ್ ಕುಮಾರ್ ತೀರ್ಪಿತ್ತರು. ಮರುದಿನ ಇಬ್ಬರಿಗೂ ಜೀವಾವಧಿ ಶಿಕ್ಷೆ ಪ್ರಕಟವಾಯಿತು. ಈ ತೀರ್ಪು ಕೇಳಲು ಅಭಯಾ ಅವರ ತಂದೆ-ತಾಯಿ ಇರಲಿಲ್ಲ. ಇಬ್ಬರೂ 2016ರಲ್ಲೇ ತೀರಿಕೊಂಡಿದ್ದರು.

ಬೆಂಗಳೂರಿನ ನಂಟು

ಈ ಪ್ರಕರಣಕ್ಕೂ ಕರ್ನಾಟಕಕ್ಕೂ ನಂಟಿದೆ. ಆರೋಪಿಗಳ ಮಂಪರು ಪರೀಕ್ಷೆ 2007ರಲ್ಲಿ ನಡೆದದ್ದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಅದರ ದೃಶ್ಯಗಳು ಟಿವಿಯಲ್ಲಿ ಪ್ರಸಾರವಾಗಿ ದೊಡ್ಡ ಸುದ್ದಿಯಾದವು. ಆದರೆ 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ ಒಳಪಡಿಸುವಂತಿಲ್ಲ. ಒಪ್ಪಿಗೆಯಿಂದ ನಡೆದರೂ ಆಗ ಆಡಿದ ಮಾತೇ ಸಾಕ್ಷ್ಯವಾಗದು ಎಂದಿತು. ಹಾಗಾಗಿ ಟಿವಿಯಲ್ಲಿ ಜನ ನೋಡಿದ್ದಕ್ಕೂ ನ್ಯಾಯಾಲಯ ಸಾಕ್ಷ್ಯವೆಂದು ಪರಿಗಣಿಸಬಹುದಾದುದಕ್ಕೂ ಬಹಳ ಅಂತರವಿತ್ತು.

ಕಡೆಗೆ ಪ್ರಕರಣ ನಿಂತಿದ್ದು ಸಾಂದರ್ಭಿಕ ಸಾಕ್ಷ್ಯದ ಮೇಲೆ. ತಾಮ್ರ ಕದಿಯಲೆಂದು ಆ ರಾತ್ರಿ ಕಾನ್ವೆಂಟ್‌ಗೆ ನುಗ್ಗಿದ್ದ ಕಳ್ಳನೊಬ್ಬ, ತಾನು ಪಾದ್ರಿಯನ್ನು ಅಲ್ಲಿ ಕಂಡೆ ಎಂದು ಹೇಳಿದ ಸಾಕ್ಷ್ಯ ಮುಖ್ಯವಾಯಿತು. ಹಲವು ಸಾಕ್ಷಿಗಳು ತಿರುಗಿಬಿದ್ದರೂ ಆತ ತನ್ನ ಮಾತಿಗೆ ಅಂಟಿಕೊಂಡ. ವಿಚಾರಣಾ ನ್ಯಾಯಾಲಯ ಆತನನ್ನು ನಂಬಿತು.

ಹೈಕೋರ್ಟ್ ಮಾಡಿದ್ದೇನು?

ಸೆಷನ್ಸ್ ನ್ಯಾಯಾಲಯ ಅಥವಾ ಅದಕ್ಕೆ ಸಮನಾದ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದರೆ 60 ದಿನಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಮರಣದಂಡನೆಯಾದರೆ ಈ ಗಡುವು 30 ದಿನ. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆ ಅಮಾನತು ಮಾಡುವಂತೆ ಕೋರಲು ಸಿಆರ್‌ಪಿಸಿಯ 389ನೇ ಸೆಕ್ಷನ್‌ನಲ್ಲಿ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 430ನೇ ಸೆಕ್ಷನ್. ಕೊಲೆಯಂಥ ಗಂಭೀರ ಅಪರಾಧವಾದರೆ ಜಾಮೀನಿಗೆ ಮುನ್ನ ಪ್ರಾಸಿಕ್ಯೂಷನ್‌ಗೆ ಆಕ್ಷೇಪ ಸಲ್ಲಿಸಲು ಅವಕಾಶ ಕೊಡಲೇಬೇಕು.

2022ರ ಜೂನ್ 23ರಂದು ನ್ಯಾಯಮೂರ್ತಿಗಳಾದ ಕೆ. ವಿನೋದ್ ಚಂದ್ರನ್ ಮತ್ತು ಸಿ. ಜಯಚಂದ್ರನ್ ಅವರ ಪೀಠ ಇದೇ ಅಧಿಕಾರ ಬಳಸಿ, ತಲಾ 5 ಲಕ್ಷ ರೂ. ಬಾಂಡ್ ಮೇಲೆ ಇಬ್ಬರಿಗೂ ಜಾಮೀನು ನೀಡಿತು. ಈ ಹಂತದಲ್ಲಿ ನ್ಯಾಯಾಲಯ ಸಾಕ್ಷ್ಯವನ್ನು ಮೇಲ್ನೋಟಕ್ಕಷ್ಟೇ ನೋಡುತ್ತದೆ. ಮೇಲ್ಮನವಿಯಲ್ಲಿ ಖುಲಾಸೆಯಾಗುವ ಸಾಧ್ಯತೆ ಮೇಲ್ನೋಟಕ್ಕೆ ಕಾಣಬೇಕು, ಆದರೆ ಸಾಕ್ಷ್ಯದ ಮರುವಿಮರ್ಶೆಗೆ ಇಳಿಯಬಾರದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಬೇರೊಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಶಿಕ್ಷೆ ಬೇರೆ, ದೋಷಿ ತೀರ್ಪು ಬೇರೆ

ಗೊಂದಲ ಹುಟ್ಟುವುದು ಇಲ್ಲೇ. ಶಿಕ್ಷೆ ಅಮಾನತಾದರೂ 'ದೋಷಿ' ಎಂಬ ತೀರ್ಪು ಹಾಗೇ ಉಳಿಯುತ್ತದೆ. ರಾಹುಲ್ ಗಾಂಧಿ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಕೋಲಾರದಲ್ಲಿ 2019ರಲ್ಲಿ ಮಾಡಿದ ಭಾಷಣದ ಮಾನಹಾನಿ ಪ್ರಕರಣದಲ್ಲಿ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಅವರಿಗೆ 2 ವರ್ಷ ಶಿಕ್ಷೆ ವಿಧಿಸಿ, ಮೇಲ್ಮನವಿಗಾಗಿ ಅಂದೇ ಅದನ್ನು ಅಮಾನತಿನಲ್ಲಿಟ್ಟಿತು. ಅವರು ಜೈಲಿಗೆ ಹೋಗಲಿಲ್ಲ. ಆದರೂ ಮರುದಿನವೇ ವಯನಾಡು ಸಂಸದ ಸ್ಥಾನ ಕೈತಪ್ಪಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೋಷಿ ತೀರ್ಪಿಗೇ ತಡೆ ನೀಡಿದ ಮೇಲಷ್ಟೇ ಸ್ಥಾನ ಮರಳಿ ಸಿಕ್ಕಿತು.

ಮೇಲ್ಮನವಿಯಲ್ಲಿ ಏನಾಗಬಹುದು?

ಅಂತಿಮ ವಿಚಾರಣೆಯಲ್ಲಿ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುತ್ತದೆ. ಶಿಕ್ಷೆ ಎತ್ತಿಹಿಡಿಯಬಹುದು, ಖುಲಾಸೆಗೊಳಿಸಬಹುದು, ಅಪರಾಧದ ಸ್ವರೂಪ ಬದಲಿಸಬಹುದು ಅಥವಾ ಮರುವಿಚಾರಣೆಗೆ ಆದೇಶಿಸಬಹುದು. ಶಿಕ್ಷಿತರೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಅಲ್ಲಿ ಸೋತವರು ವಿಶೇಷ ಅನುಮತಿ ಕೋರಿ ಸುಪ್ರೀಂ ಕೋರ್ಟ್‌ಗೆ ಹೋಗಬಹುದು.

ಸಾಂದರ್ಭಿಕ ಸಾಕ್ಷ್ಯದ ಪ್ರಕರಣಗಳಿಗೆ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪೇ ಇಂದಿಗೂ ಅಳತೆಗೋಲು. ಸಾಕ್ಷ್ಯದ ಸರಪಳಿ ಎಲ್ಲೂ ಕಡಿಯಬಾರದು. ಆರೋಪಿಯೇ ಅಪರಾಧಿ ಎಂಬುದನ್ನು ಬಿಟ್ಟು ಬೇರೆ ಯಾವ ತೀರ್ಮಾನಕ್ಕೂ ಅದು ಎಡೆಕೊಡಬಾರದು. ಅಭಯಾ ಪ್ರಕರಣದ ಮೇಲ್ಮನವಿಯಲ್ಲೂ ಪ್ರಶ್ನೆ ಇದೇ. ಜಾಮೀನು ಆದೇಶ ಅದಕ್ಕೆ ಉತ್ತರವಲ್ಲ. ಮುಂದೆ ಯಾವುದೇ ಪ್ರಕರಣದಲ್ಲಿ 'ಶಿಕ್ಷೆ ಅಮಾನತು' ಎಂಬ ಸುದ್ದಿ ಕಂಡರೆ, ಅಂತಿಮ ತೀರ್ಪು ಇನ್ನೂ ಬರಬೇಕಿದೆ ಎಂದೇ ಓದಿಕೊಳ್ಳಿ.