ಕಣದ ಮರ್ಯಾದೆ

ಆಟದಲ್ಲಿ ಗೆಲವು ಎಷ್ಟು ಮುಖ್ಯವೋ ಗೆಲ್ಲುವ ಬಗೆಯೂ ಅಷ್ಟೇ ಮುಖ್ಯ. ಹಲವರು ಕೂಡಿ ಆಡುವ ಆಟದಲ್ಲಿ ಒಬ್ಬನು ಕೆರಳಿದರೆ ಅವನನ್ನು ತಡೆಯಲು ಸಂಗಡಿಗರಿರುತ್ತಾರೆ. ಕುಸ್ತಿ, ಟೆನಿಸ್, ಬ್ಯಾಡ್ಮಿಂಟನ್ ಮೊದಲಾದ ಆಟಗಳಲ್ಲಾದರೋ ಆಟಗಾರನು ಒಬ್ಬಂಟಿ. ಹೆಚ್ಚೆಂದರೆ ಅವನಿಗೆ ಒಬ್ಬ ಜೊತೆಗಾರ. ಆಟವೇ ವೃತ್ತಿಯಾದವನಿಗೆ ಕೀರ್ತಿಯೂ ಅನ್ನವೂ ಆ ಒಂದು ಗೆಲವಿನಲ್ಲೇ ಇರುತ್ತವೆ. ಆದಕಾರಣ ಅಲ್ಲಿ ದುರ್ವರ್ತನೆಗೆ ಎಡೆ ಹೆಚ್ಚು. ಇದನ್ನು ಕಂಡು 'ಕಾಲ ಕೆಟ್ಟಿತು' ಎಂದು ನಿಟ್ಟುಸಿರು ಬಿಡುವುದು ಸುಲಭ. ಚರಿತ್ರೆಯಾದರೋ ನಮಗೆ ಬೇರೊಂದು ಪಾಠವನ್ನು ಹೇಳುತ್ತದೆ.

ವೃತ್ತಿಯ ಆಟಗಾರರು ಕನ್ನಡ ನಾಡಿಗೆ ಹೊಸಬರಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವನ್ನು ಕುರಿತು ಬರೆದಿದ್ದಾನೆ. ಮಲ್ಲರನ್ನು ವಯಸ್ಸು, ಬಲ ಇವುಗಳಿಗೆ ತಕ್ಕಂತೆ ವಿಂಗಡಿಸಬೇಕೆಂಬ ವಿವೇಕ ಆಗಲೇ ನಮ್ಮವರಲ್ಲಿತ್ತು.

ನಮ್ಮ ಸೋಮಂದೇಪಲ್ಲಿಯ ನೆರೆಯ ಪೆನುಗೊಂಡೆಯು 1565ರ ಯುದ್ಧದ ತರುವಾಯ ವಿಜಯನಗರದ ಅರಸರಿಗೆ ರಾಜಧಾನಿಯಾಯಿತೆಂಬುದನ್ನು ಇಲ್ಲಿನ ಮಕ್ಕಳೆಲ್ಲರೂ ಬಲ್ಲರು. ಅದಕ್ಕೆ ಮುಂಚೆ, ಹಂಪೆಯ ವೈಭವದ ದಿನಗಳಲ್ಲಿ, ಮಹಾನವಮಿಯ ಮಲ್ಲಯುದ್ಧಗಳನ್ನು ಕುರಿತು ಇಬ್ಬರು ಪೋರ್ಚುಗೀಜರು ಬರೆದಿಟ್ಟಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪಾಯೆಸನು, ಹಲ್ಲು ಮುರಿಯುವ, ಕಣ್ಣು ಕಳೆಯುವ ಭೀಕರ ಹೊಡೆತಗಳನ್ನು ವರ್ಣಿಸುತ್ತಾನೆ. ಅದರೊಡನೆಯೇ, ಹೋರುವವರನ್ನು ಕಣದಲ್ಲಿ ಸರಿಸಮಾನವಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ನಿರ್ಣಯಿಸುವುದಕ್ಕೂ ನಾಯಕರು, ತೀರ್ಪುಗಾರರು ಇದ್ದರೆಂದು ಹೇಳುತ್ತಾನೆ. ಅವನ ಅನಂತರ ಬರೆದ ನ್ಯೂನಿಜನು, ಅರಸನ ಬಳಿ ಸಾವಿರ ಮಂದಿ ಜಟ್ಟಿಗಳಿದ್ದರೆಂದೂ, ಅವರಿಗೆ ಬೇರೆ ಯಾವ ಚಾಕರಿಯೂ ಇರಲಿಲ್ಲವೆಂದೂ ತಿಳಿಸುತ್ತಾನೆ. ಅವನು ಬರೆದಿರುವ ಇನ್ನೊಂದು ಸಂಗತಿ ಗಮನಾರ್ಹವಾದುದು: ಹೆಚ್ಚು ಗಾಯಗೊಂಡವನೇ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನಂತೆ.

ಆ ಕಾಳಗ ಇಂದಿನ ಕಣ್ಣಿಗೆ ಕ್ರೂರ. ಆದರೂ ಅಲ್ಲಿ ಮೂರು ಕಟ್ಟುಗಳಿದ್ದುವೆಂಬುದನ್ನು ನಾವು ಕಾಣಬಹುದು: ಸಮಬಲದ ಜೋಡಿ, ಕಣದೊಳಗೇ ನಿಂತ ತೀರ್ಪುಗಾರ, ನೊಂದವನಿಗೂ ಮರ್ಯಾದೆ. ಆಟಗಾರನ ಸ್ವಭಾವವೊಂದನ್ನೇ ನಂಬಿ ಹಿರಿಯರು ಕಣವನ್ನು ಬಿಟ್ಟುಕೊಡಲಿಲ್ಲ.

ನಮ್ಮ ಕಾಲದಲ್ಲಿ ಈ ಕಟ್ಟುಗಳನ್ನು ನಿಯಮಗಳಾಗಿ ಬರೆದಿಟ್ಟಿದ್ದಾರೆ. ಅಮೆರಿಕೆಯ ಟೆನಿಸ್ ಆಟಗಾರ ಜಾನ್ ಮೆಕೆನ್ರೋ ತನ್ನ ಆಟದಷ್ಟೇ ತನ್ನ ಕೋಪಕ್ಕೂ ಹೆಸರಾದವನು. 1990ರಲ್ಲಿ ಮೆಲ್ಬರ್ನಿನಲ್ಲಿ ಅವನು ಗೆರೆ ನೋಡುವ ಅಧಿಕಾರಿಯನ್ನು ದುರುಗುಟ್ಟಿ ನೋಡಿದುದಕ್ಕೆ ಎಚ್ಚರಿಕೆಯನ್ನೂ, ರ್‍ಯಾಕೆಟ್ಟನ್ನು ನೆಲಕ್ಕೆ ಅಪ್ಪಳಿಸಿದುದಕ್ಕೆ ಒಂದು ಅಂಕದ ದಂಡವನ್ನೂ ಪಡೆದನು. ಕಡೆಗೆ ಅಧಿಕಾರಿಗಳನ್ನು ಬೈದುದಕ್ಕಾಗಿ, ಎರಡು ಸೆಟ್ಟುಗಳಿಗೆ ಒಂದರಂತೆ ಮುಂದಿದ್ದರೂ, ಪಂದ್ಯದಿಂದಲೇ ಹೊರಬಿದ್ದನು. ಮೊದಲು ನಾಲ್ಕು ಮೆಟ್ಟಿಲುಗಳಿದ್ದ ಶಿಕ್ಷೆಯನ್ನು ಆ ವರ್ಷ ಮೂರಕ್ಕೆ ಇಳಿಸಿದುದು ಅವನಿಗೆ ತಿಳಿದಿರಲಿಲ್ಲ.

ಬೈಗುಳವು ಎಲ್ಲರ ಕಿವಿಗೂ ಬೀಳುತ್ತದೆ. ಬೇಕೆಂದು ಸೋಲುವುದು ಅದಕ್ಕಿಂತಲೂ ಕೆಟ್ಟದ್ದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದು ನಡೆಯಿತು; ನಮ್ಮ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು ಆ ಕೂಟದಲ್ಲಿದ್ದಳು. ಆ ಸಲ ಬ್ಯಾಡ್ಮಿಂಟನ್ನಿನಲ್ಲಿ ಗುಂಪುಗಳ ಹಂತವನ್ನು ಹೊಸದಾಗಿ ಸೇರಿಸಿದ್ದರು. ಗುಂಪಿನಲ್ಲಿ ಮೊದಲನೆಯವರಾದರೆ ಯಾರು ಎದುರಾಳಿ, ಎರಡನೆಯವರಾದರೆ ಯಾರು ಎಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕಬಹುದಾಗಿತ್ತು. ಜುಲೈ 31ರಂದು ಚೀನದ ಅಗ್ರ ಶ್ರೇಯಾಂಕದ ಮಹಿಳಾ ಜೋಡಿ, ತಮ್ಮ ದೇಶದ ಇನ್ನೊಂದು ಜೋಡಿಯನ್ನು ಫೈನಲ್ಲಿಗಿಂತ ಮುಂಚೆ ಎದುರಿಸಲೊಲ್ಲದೆ, ಸೋಲುವುದಕ್ಕಾಗಿಯೇ ಆಡಿತು. ಎದುರಿನ ದಕ್ಷಿಣ ಕೊರಿಯದವರೂ ಹಾಗೆಯೇ ಮಾಡಿದರು. ಸರ್ವ್‌ಗಳು ನೆಟ್ಟಿಗೆ ಬಡಿದುವು; ಹೊಡೆತಗಳು ಗೆರೆಯಾಚೆ ಬಿದ್ದುವು. ಒಂದು ಗೇಮಿನಲ್ಲಿ ಅತಿ ದೀರ್ಘವಾದ ವಿನಿಮಯ ನಾಲ್ಕೇ ಹೊಡೆತ! ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಇನ್ನೊಂದು ಕೊರಿಯದ ಜೋಡಿಯೂ ಇಂಡೊನೇಷ್ಯದ ಜೋಡಿಯೂ ಅದೇ ದಾರಿ ಹಿಡಿದರು. ಮರುದಿನ, ಗೆಲ್ಲಲು ಪೂರ್ಣ ಪ್ರಯತ್ನ ಮಾಡಲಿಲ್ಲವೆಂಬ ಅಪರಾಧಕ್ಕೆ ಎಂಟು ಮಂದಿಯನ್ನೂ ಕೂಟದಿಂದ ಹೊರಹಾಕಲಾಯಿತು.

ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಹಿಂದಿನ ವರ್ಷ ಅದೇ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚನ್ನು ಗೆದ್ದವರು. ಒಲಿಂಪಿಕ್ಸ್‌ನಲ್ಲಿ ಅವರು ಜಪಾನಿಗೆ ಸೋತರೂ ತೈವಾನ್ ಮತ್ತು ಸಿಂಗಪುರದ ಜೋಡಿಗಳನ್ನು ಸೋಲಿಸಿದರು. ಗುಂಪಿನಲ್ಲಿ ಮೂರು ಜೋಡಿಗಳಿಗೂ ಎರಡೆರಡು ಗೆಲವು. ಅಂಕಗಳನ್ನೆಣಿಸಿದಾಗ ಒಂದೇ ಅಂಕದ ಕೊರತೆಯಿಂದ ನಮ್ಮವರು ಹೊರಗುಳಿದರು. ತೈವಾನಿಗೆ ಜಪಾನು ಸೋತ ರೀತಿ ಸಂಶಯಾಸ್ಪದವೆಂದು ಭಾರತವು ದೂರು ಕೊಟ್ಟಿತು, ಅದು ತಿರಸ್ಕೃತವಾಯಿತು. ದೋಷವು ರುಜುವಾತಾಗದಿರುವಾಗ ಜಪಾನಿನವರನ್ನು ನಿಂದಿಸುವುದು ನಮಗೂ ಸಲ್ಲದು. ಆದರೆ ಹೊರದೂಡಲ್ಪಟ್ಟವರ ತೆರವನ್ನು ತುಂಬಿದುದು ಅವರವರ ಗುಂಪುಗಳಲ್ಲಿ ಕೊನೆಯ ಎರಡು ಸ್ಥಾನಗಳಲ್ಲಿದ್ದ ಜೋಡಿಗಳು. ಅವರಲ್ಲಿ ರಷ್ಯದವರು ಕಂಚನ್ನೂ ಪಡೆದರು. ಎರಡು ಪಂದ್ಯಗಳನ್ನು ಗೆದ್ದ ಅಶ್ವಿನಿ-ಜ್ವಾಲಾ ಬರಿಗೈಯಲ್ಲಿ ಮರಳಿದರು. ಒಬ್ಬರ ವಂಚನೆಯು ಎದುರಾಳಿಯೊಬ್ಬನಿಗೇ ತಟ್ಟಿ ನಿಲ್ಲುವುದಿಲ್ಲ. ಅದರಿಂದ ಇಡೀ ಕೂಟದ ತಕ್ಕಡಿಯೇ ಓರೆಯಾಗುತ್ತದೆ.

ತಪ್ಪು ಆಟಗಾರ್ತಿಯರದೋ, ಕಟ್ಟಳೆಯದೋ? ಎರಡೂ ಎಂದು ನಮ್ಮ ಅಭಿಪ್ರಾಯ. ಮುಂದಿನ ಒಲಿಂಪಿಕ್ಸ್‌ಗೆ ನಿಯಮವನ್ನು ತಿದ್ದಿ, ಗುಂಪಿನಲ್ಲಿ ಎರಡನೆಯವರಾದ ಜೋಡಿಗಳ ಎದುರಾಳಿಗಳನ್ನು ಹೊಸದಾಗಿ ಚೀಟಿ ಎತ್ತಿ ಗೊತ್ತುಮಾಡುವಂತೆ ಮಾಡಿದರು. ಬೇಲಿಯ ಕಿಂಡಿ ಮುಚ್ಚಿತು. ಕಿಂಡಿ ಇದ್ದಿತೆಂಬ ಮಾತ್ರಕ್ಕೆ ನುಗ್ಗಿದವರು ನಿರ್ದೋಷಿಗಳಾಗರು. ನುಗ್ಗಿದವರನ್ನು ದಂಡಿಸಿದ ಮಾತ್ರಕ್ಕೆ ಕಿಂಡಿ ಬಿಟ್ಟವರ ಹೊಣೆ ತೀರದು.

ಉಪಾಧ್ಯಾಯರಾದ ನಮಗೆ ಇದರಲ್ಲಿ ಕೆಲಸವುಂಟು. ಶಾಲೆಯ ಪಂದ್ಯಗಳಲ್ಲಿ ಸಮಬಲದವರನ್ನು ಜೋಡಿಸೋಣ. ನಿಯಮವನ್ನು ಆಟಕ್ಕೆ ಮುಂಚೆಯೇ ಎಲ್ಲರಿಗೂ ಓದಿ ಹೇಳೋಣ. ಸೋತ ಮಗುವನ್ನೂ ಹೆಸರು ಹಿಡಿದು ಕರೆದು ಗೌರವಿಸೋಣ. ವಿದ್ಯಾರ್ಥಿಗಳೇ, ನೀವು ಗೆಲ್ಲಬಹುದು, ಸೋಲಬಹುದು. ಸೋಲಬೇಕೆಂದು ಮಾತ್ರ ಎಂದೂ ಆಡಬೇಡಿ. ಸೋತಾಗ ಎದುರಾಳಿಯ ಕೈಕುಲುಕದೆ ಕಣವನ್ನು ಬಿಡಬೇಡಿ.