ಬೊಳ್ಳ

ಕರಾವಳಿಯ ಹೆಜಮಾಡಿಯಲ್ಲಿ ಶಾಂಭವಿ ಹೊಳೆ ಕೆಂಪಗೆ ತುಂಬಿ ಹರಿದರೆ ತುಳುವರ ಬಾಯಲ್ಲಿ ಬರುವ ಮಾತು ‘ಬೊಳ್ಳ ಬತ್ತ್‌ಂಡ್’, ನೆರೆ ಬಂತು. ತಮಿಳು, ಮಲಯಾಳಗಳ ‘ವೆಳ್ಳಂ’ ಇದರ ಒಡಹುಟ್ಟು. ಕನ್ನಡದ ಬೆಳ್ಳಿ ತುಳುವಿನಲ್ಲಿ ಬೊಳ್ಳಿ, ಪೆಣ್ಣು ಪೊಣ್ಣು ಆದ ದಾರಿಯಲ್ಲೇ ಇಲ್ಲೂ ಎಕಾರ ಒಕಾರವಾಗಿದೆ. ಮಲಯಾಳದಲ್ಲಿ ವೆಳ್ಳಂ ಎಂದರೆ ಕುಡಿಯುವ ನೀರೂ ಹೌದು. ತುಳುವರು ಕುಡಿಯುವುದು ನೀರ್. ಬೊಳ್ಳ ಉಕ್ಕಿ ಬಂದದ್ದು ಮಾತ್ರ.

ಬೊಳ್ಳಕ್ಕೆ ಏರುವ, ಇಳಿಯುವ ಎರಡು ಮೈಗಳಿವೆ. ಜಲತಜ್ಞರ ಹೈಡ್ರೋಗ್ರಾಫ್ ಇದನ್ನೇ ಗೆರೆಯಲ್ಲಿ ಬರೆಯುತ್ತದೆ: ಅಡ್ಡಕ್ಕೆ ಸಮಯ, ಉದ್ದಕ್ಕೆ ಕ್ಯುಸೆಕ್ ಲೆಕ್ಕದ ಹರಿವು. ಮಳೆ ಜೋರಾದ ಹೊತ್ತಿಗೂ ಹೊಳೆ ಉತ್ತುಂಗ ಮುಟ್ಟುವ ಹೊತ್ತಿಗೂ ನಡುವಿನ ಅಂತರವೇ ಅದರ ಜೀವಾಳ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ಕೃಷ್ಣೆಯ ಕೆಳದಂಡೆಗೆ ಬರಲು ದಿನಗಳೇ ಬೇಕು. ಕರಾವಳಿಯ ಹೊಳೆಗಳು ಗಿಡ್ಡ, ಇಳಿಜಾರು ಕಡಿದು. ಗೆರೆ ಗಂಟೆಗಳಲ್ಲೇ ನೆಟ್ಟಗೆ ಏರುತ್ತದೆ. 2020ರ ಸೆಪ್ಟೆಂಬರ್ 20ರ ಬೆಳಗಿಗೆ ಉಡುಪಿ ಕಂಡದ್ದು ಅದನ್ನೇ: ರಾತ್ರಿಯಿಡೀ ಮಳೆ, ಬೆಳಗಾಗುವಾಗ ಮನೆಯೊಳಗೆ ಸ್ವರ್ಣಾ ಹೊಳೆ. ಮೊದಲೇ ನೆನೆದು ತಣಿದ ನೆಲ ಹೆಚ್ಚೇನೂ ಹೀರುವುದಿಲ್ಲ; ಕಾಂಕ್ರೀಟ್ ಅಂಗಳವಂತೂ ಹನಿಯನ್ನೂ ಹೀರದು.

ಇಳಿಯುವ ಮೈ ಮಾತ್ರ ಹೆಜಮಾಡಿಯಲ್ಲಿ ಪುಸ್ತಕದಂತಿಲ್ಲ. ಅಳಿವೆ ಇಲ್ಲೇ ಪಕ್ಕ. ಕಡಲಿನ ಭರತ ಹೊಳೆಯನ್ನು ತಡೆದು ನಿಲ್ಲಿಸಿದರೆ ಘಟ್ಟದ ಬುಡದಲ್ಲಿ ಮಳೆ ಬಿಟ್ಟರೂ ಗದ್ದೆಯ ನೀರು ಜಗ್ಗದು. ಇಳಿತ ಬರುವವರೆಗೆ ಕಾಯಬೇಕು. ಅದಕ್ಕೇ ಅಳಿವೆಯ ಊರಿನಲ್ಲಿ ಬೊಳ್ಳದ ಲೆಕ್ಕ ಹಾಕುವವರು ಮಳೆಯ ಜೊತೆ ತಿಥಿಯನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಭರತ ದೊಡ್ಡದು.